ಊರು ಬಿಟ್ಟ ತಂಡ

2002ರ ಮೇ 28ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನೇಮಿಸಿದ್ದ ಮೂವರ ಆಯೋಗ ತನ್ನ ತೀರ್ಪು ಹೇಳಿತು. ಇಬ್ಬರು ಆಗಲಿ ಎಂದರು, ಒಬ್ಬರು ಕೂಡದು ಎಂದರು. ದಕ್ಷಿಣ ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬು ಸುಮಾರು 90 ಕಿಲೋಮೀಟರ್ ಆಚೆಗಿನ ಮಿಲ್ಟನ್ ಕೀನ್ಸ್‌ಗೆ ಗುಳೆ ಹೋಗಬಹುದೆಂದಾಯಿತು. ಬೇಕಾದರೆ ಕ್ಲಬ್ಬು ಮುಳುಗಲಿ, ಇದೇ ಊರಿನಲ್ಲಿ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಕಟ್ಟಿಕೊಳ್ಳುತ್ತೇವೆ ಎಂದಿದ್ದ ಅಭಿಮಾನಿಗಳಿಗೆ ಆಯೋಗದ ಬಹುಮತ ಮರ್ಯಾದೆಯಿಂದಲೇ ಉತ್ತರ ಕೊಟ್ಟಿತು: 113 ವರ್ಷ ಹಿಂದಕ್ಕೆ ಹೋಗಿ ಮೊದಲಿನಿಂದ ಶುರು ಮಾಡುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಒಗ್ಗುವಂಥದ್ದಲ್ಲ.

ವಿಂಬಲ್ಡನ್ ಎಂದರೆ ನಮ್ಮಲ್ಲಿ ಬಹುತೇಕರಿಗೆ ಟೆನಿಸ್ ಮಾತ್ರ. ಆ ಊರಿನ ಫುಟ್‌ಬಾಲ್ ಕ್ಲಬ್ಬು ಹುಟ್ಟಿದ್ದು 1889ರಲ್ಲಿ. 1912ರಿಂದ ಅದರ ಮನೆ ಪ್ಲೌ ಲೇನ್ ಎಂಬ ಇಕ್ಕಟ್ಟಾದ ಮೈದಾನ. 1977ರಲ್ಲಷ್ಟೇ ಫುಟ್‌ಬಾಲ್ ಲೀಗಿಗೆ ಕಾಲಿಟ್ಟ ತಂಡ ಒಂಬತ್ತು ವರ್ಷಗಳಲ್ಲಿ ಅತ್ಯುನ್ನತ ದರ್ಜೆಗೆ ಏರಿತು. 1988ರ ಎಫ್.ಎ. ಕಪ್ ಫೈನಲ್ಲಿನಲ್ಲಿ ಎದುರಾದದ್ದು ಆ ಕಾಲದ ದೈತ್ಯ ಲಿವರ್‌ಪೂಲ್. ಲಾರಿ ಸ್ಯಾಂಚೆಜ್ ತಲೆಯಿಂದ ಬಡಿದ ಒಂದು ಗೋಲು, ಗೋಲ್‌ಕೀಪರ್ ಡೇವ್ ಬೆಸೆಂಟ್ ತಡೆದ ಒಂದು ಪೆನಾಲ್ಟಿ. ಕಪ್ಪು ವಿಂಬಲ್ಡನ್ನಿಗೆ ಬಂತು. ಸೊಗಸಾದ ಆಟವೇನೂ ಅಲ್ಲ. ಚೆಂಡನ್ನು ದೂರಕ್ಕೆ ಒದ್ದು, ಮೈಮೇಲೆ ಬಿದ್ದು ಆಡುವ ಒರಟುತನವನ್ನು ಪತ್ರಿಕೆಗಳು ಜರೆದವು, ಊರಿನವರು ಮೆಚ್ಚಿದರು.

ಅದರ ಮರುವರ್ಷವೇ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲು ನಡೆದು, ಅದರಿಂದ 97 ಜನ ಸತ್ತರು. ದುರಂತದ ತನಿಖೆ ನಡೆಸಿದ ಟೇಲರ್ ವರದಿ, ದೊಡ್ಡ ದರ್ಜೆಯ ಕ್ಲಬ್ಬುಗಳ ಮೈದಾನಗಳಲ್ಲಿ ನಿಂತು ನೋಡುವ ಪದ್ಧತಿ ಹೋಗಿ ಎಲ್ಲರಿಗೂ ಆಸನ ಇರಬೇಕೆಂದಿತು. ಸರಿಯಾದ ಮಾತೇ. ಆದರೆ ಪ್ಲೌ ಲೇನನ್ನು ಹಾಗೆ ಬದಲಿಸುವುದು ಕಷ್ಟವೆಂದು ಮಾಲೀಕ ಸ್ಯಾಮ್ ಹಮ್ಮಾಮ್ 1991ರಲ್ಲಿ ತಂಡವನ್ನು ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ಸೆಲ್ಹರ್ಸ್ಟ್ ಪಾರ್ಕಿಗೆ ಬಾಡಿಗೆಗೆ ಕರೆದೊಯ್ದರು. ತಾತ್ಕಾಲಿಕ ಎಂದಿದ್ದ ಏರ್ಪಾಡು ಹನ್ನೆರಡು ವರ್ಷ ನಡೆಯಿತು. ನಡುವೆ ಪ್ಲೌ ಲೇನಿನ ಜಾಗ ಸೇಫ್‌ವೇ ಎಂಬ ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಾಟವಾಯಿತು, ಕ್ಲಬ್ಬು ನಾರ್ವೆಯ ಉದ್ಯಮಿಗಳ ಕೈಗೆ ಹೋಯಿತು, ಡಬ್ಲಿನ್ನಿಗೆ ಸ್ಥಳಾಂತರಿಸುವ ಯೋಚನೆಯೂ ಬಂದುಹೋಯಿತು. ಕೊನೆಗೆ ಸಿಕ್ಕಿದ್ದು ಮಿಲ್ಟನ್ ಕೀನ್ಸ್. 1967ರಲ್ಲಿ ಸರ್ಕಾರ ನಕ್ಷೆಯ ಮೇಲೆ ಗೆರೆ ಎಳೆದು ಕಟ್ಟಲು ತೊಡಗಿದ ಆ ನವನಗರದಲ್ಲಿ ಲೀಗ್ ದರ್ಜೆಯ ತಂಡವೇ ಇರಲಿಲ್ಲ. ಸಂಗೀತ ಉದ್ಯಮದಿಂದ ಬಂದ ಪೀಟ್ ವಿಂಕಲ್‌ಮನ್ ಅಲ್ಲಿ ದೊಡ್ಡ ಕ್ರೀಡಾಂಗಣವೊಂದರ ಯೋಜನೆ ಹಿಡಿದು ಕೂತಿದ್ದರು. ಪಕ್ಕದಲ್ಲಿ ಬರಲಿದ್ದ ಆಸ್ಡಾ, ಐಕಿಯಾ ಮಳಿಗೆಗಳಿಂದ ಅದಕ್ಕೆ ದುಡ್ಡು ಹುಟ್ಟಬೇಕು, ಮಳಿಗೆಗಳಿಗೆ ಅನುಮತಿ ಸಿಗಲು ಕ್ರೀಡಾಂಗಣ ಬೇಕು, ಕ್ರೀಡಾಂಗಣಕ್ಕೊಂದು ನೆಪವಾಗಿ ತಂಡ ಬೇಕು. ಆ ಸರಪಳಿಯಲ್ಲಿ ಫುಟ್‌ಬಾಲ್ ಕೊನೆಯ ಕೊಂಡಿ.

ಮಾಲೀಕರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಕ್ಲಬ್ಬು ನಷ್ಟದಲ್ಲಿತ್ತು. 1993ರ ಜನವರಿಯಲ್ಲಿ ಎವರ್ಟನ್ ವಿರುದ್ಧದ ಪಂದ್ಯಕ್ಕೆ ಬಂದವರು 3,039 ಜನ. ಪ್ರೀಮಿಯರ್ ಲೀಗಿನಲ್ಲಿ ಜನ ನಿರ್ಬಂಧವಿಲ್ಲದೆ ನಡೆದ ಪಂದ್ಯಗಳಲ್ಲಿ ಅಷ್ಟು ಕಡಿಮೆ ಪ್ರೇಕ್ಷಕರು ಮತ್ತೆಂದೂ ಸೇರಿಲ್ಲ. ಗಿರಾಕಿಯಿಲ್ಲದ ಅಂಗಡಿಯನ್ನು ಗಿರಾಕಿಯಿರುವ ಕಡೆಗೆ ಸಾಗಿಸಿದರೆ ತಪ್ಪೇನು ಎಂದು ಕೇಳಿದರೆ ಏನು ಹೇಳುವುದು?

ಹೇಳುವುದು ಇಷ್ಟು. ಫುಟ್‌ಬಾಲ್ ಕ್ಲಬ್ಬು ಬದುಕುವುದೇ ಗಿರಾಕಿಯಂತೆ ನಡೆದುಕೊಳ್ಳದ ಜನರಿಂದ. ಗಿರಾಕಿ ಸರಕು ಕೆಟ್ಟರೆ ಬೇರೆ ಅಂಗಡಿಗೆ ಹೋಗುತ್ತಾನೆ. ಹಾಗೆ ಹೋಗುವುದು ಅವನ ಹಕ್ಕು, ಜಾಣತನ ಕೂಡ. ಅಭಿಮಾನಿ ಹಾಗಲ್ಲ. ತಂಡ ಸೋತ ವಾರವೂ ಬರುತ್ತಾನೆ, ಕೆಳಗಿನ ದರ್ಜೆಗೆ ಬಿದ್ದ ವರ್ಷವೂ ಸೀಸನ್ ಟಿಕೆಟ್ ಕೊಳ್ಳುತ್ತಾನೆ, ಪಕ್ಕದ ಊರಿನ ತಂಡ ಎಷ್ಟು ಚೆನ್ನಾಗಿ ಆಡಿದರೂ ಅತ್ತ ತಿರುಗಿ ನೋಡುವುದಿಲ್ಲ. ಟೆಲಿವಿಷನ್ ಕಂಪನಿಗಳು, ಪ್ರಾಯೋಜಕರು, ಜೆರ್ಸಿ ಮಾರುವವರು ಬೆಲೆ ಕಟ್ಟುವುದು ಈ ಲೆಕ್ಕಕ್ಕೆ ನಿಲುಕದ ಹಟಕ್ಕೇ. ಆ ಹಟ ಇಲ್ಲದಿದ್ದರೆ ಕ್ಲಬ್ಬೆಂದರೆ ಹನ್ನೊಂದು ಜನ ಸಂಬಳದಾರರು ಮತ್ತು ಒಂದು ಹುಲ್ಲುಹಾಸು, ಅಷ್ಟೇ. ಹೀಗೆ ಅಭಿಮಾನಿಯ ನಿಷ್ಠೆಯಿಂದ ಸಂಪಾದಿಸುವಾಗ ಅವನನ್ನು ಮನೆಯವನೆಂದು ಕರೆದು, ಊರು ಬಿಡುವ ದಿನ ಬಂದಾಗ ನೀನು ಬರೀ ಗಿರಾಕಿ, ನಿನ್ನ ಸಂಖ್ಯೆ ಸಾಲದು ಎಂದರೆ ಅದು ವ್ಯಾಪಾರದ ನಿಯಮವೂ ಅಲ್ಲ. ವ್ಯಾಪಾರದಲ್ಲಿ ಕೂಡ ಯಾವ ಕರಾರಿನ ಮೇಲೆ ಲಾಭ ಬಂತೋ ಆ ಕರಾರು ಎರಡೂ ಕಡೆಗೆ ಅನ್ವಯಿಸುತ್ತದೆ.

ಅಂದಹಾಗೆ ಆ 3,039ರ ಲೆಕ್ಕಕ್ಕೆ ಒಂದು ಉತ್ತರ ಆಗಲೇ ಸಿಕ್ಕಿಯಾಗಿದೆ. ತೀರ್ಪು ಬಂದ ಕೆಲವೇ ವಾರಗಳಲ್ಲಿ ಅಭಿಮಾನಿಗಳು ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬು ಕಟ್ಟಿದರು. ಆಟಗಾರರಿಲ್ಲ, ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ, ಬಂದವರನ್ನೆಲ್ಲ ಆಡಿಸಿ ಆರಿಸಿದರು. ಜುಲೈನಲ್ಲಿ ಸಟನ್ ಯುನೈಟೆಡ್ ವಿರುದ್ಧ ಮೊದಲ ಪಂದ್ಯ, ಬರೀ ಸ್ನೇಹಪಂದ್ಯ. ನಾಲ್ಕು ಗೋಲುಗಳಿಂದ ಸೋತರು. ನೋಡಲು ಬಂದವರು 4,657 ಜನ. ದೇಶದ ಒಂಬತ್ತನೇ ದರ್ಜೆಗೆ ಸೇರಲಿದ್ದ, ಇನ್ನೂ ಒಂದು ಲೀಗ್ ಪಂದ್ಯವನ್ನೂ ಆಡದ ತಂಡಕ್ಕೆ, ಬಾಡಿಗೆ ಮೈದಾನದಲ್ಲಿ ಎವರ್ಟನ್ ವಿರುದ್ಧ ಆಡಿದ ದೊಡ್ಡ ತಂಡಕ್ಕಿಂತ ಹೆಚ್ಚು ಜನ! ಮಾಲೀಕರು ಪ್ರೇಕ್ಷಕರ ಕೊರತೆ ಎಂದು ಅಳೆದದ್ದು ಊರಿನ ಕೊರತೆಯನ್ನು. ತಂಡವನ್ನು ಮೊದಲು ಊರಿಂದ ಹೊರಗಿಟ್ಟು, ಆಮೇಲೆ ಊರಿನವರು ಬರುತ್ತಿಲ್ಲವೆಂದು ದೂರುವುದು ಸಾಕ್ಷ್ಯವಾಗಲಾರದು. 2003ರಿಂದ 2004ರವರೆಗೆ ಈ ಹೊಸ ತಂಡ ಸತತ 78 ಲೀಗ್ ಪಂದ್ಯಗಳನ್ನು ಸೋಲದೆ ಆಡಿತು. 2011ರಲ್ಲಿ ಲೂಟನ್ ಟೌನನ್ನು ಪೆನಾಲ್ಟಿಗಳಲ್ಲಿ ಮಣಿಸಿ ಫುಟ್‌ಬಾಲ್ ಲೀಗಿಗೆ ಮರಳಿತು.

ಹಾಗಾದರೆ ಊರು ಬಿಟ್ಟು ಹೋದದ್ದು ಏನು? ಕಂಪನಿ ಹೋಯಿತು, ಲೀಗಿನ ಸದಸ್ಯತ್ವ ಹೋಯಿತು, ಆಟಗಾರರ ಕರಾರುಗಳು ಹೋದವು. ಕಾನೂನಿನ ಕಣ್ಣಿಗೆ ಕ್ಲಬ್ಬೆಂದರೆ ಇವೇ. ಮೈದಾನ ಸ್ಥಿರಾಸ್ತಿ, ತಂಡ ಚರಾಸ್ತಿ. ಅಮೆರಿಕದ ಫುಟ್‌ಬಾಲಿನಲ್ಲಿ (ಆಟ ಬೇರೆ, ಜಗಳ ಇದೇ) ಈ ವಿಂಗಡಣೆಯನ್ನೇ ಪ್ರಶ್ನಿಸಿದ ಪ್ರಕರಣವೊಂದಿದೆ. ರೈಡರ್ಸ್ ತಂಡ ಲಾಸ್ ಏಂಜಲೀಸ್‌ಗೆ ಹೊರಟಾಗ ಓಕ್ಲೆಂಡ್ ನಗರ, ರಸ್ತೆಗೆ ಜಮೀನು ವಶಪಡಿಸಿಕೊಳ್ಳುವ ಅಧಿಕಾರವನ್ನೇ ಬಳಸಿ ತಂಡವನ್ನು ವಶಪಡಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋಯಿತು. ಸಾರ್ವಜನಿಕ ಉಪಯೋಗವೆಂದು ತೋರಿಸಿದರೆ ಅದು ಅಸಾಧ್ಯವೇನಲ್ಲ ಎಂದು 1982ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಹೇಳಿತು. ಮುಂದೆ ಬೇರೆ ಕಾರಣಗಳಿಗೆ ನಗರ ಸೋತಿತು. ಎರಡು ವರ್ಷ ಕಳೆದು ಮೇರಿಲ್ಯಾಂಡ್ ರಾಜ್ಯ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಹೀಗೇ ಹಿಡಿದಿಡಲು ಕಾನೂನು ತರಲು ಹೊರಟಾಗ, ಮಾಲೀಕ ರಾಬರ್ಟ್ ಅರ್ಸೆ 1984ರ ಮಾರ್ಚ್ 28ರ ರಾತ್ರಿ ಸಾಮಾನನ್ನೆಲ್ಲ ಲಾರಿಗಳಿಗೆ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿಬಿಟ್ಟರು. ಚರಾಸ್ತಿ ಎಂಬುದನ್ನು ಇಷ್ಟು ಅಕ್ಷರಶಃ ಪಾಲಿಸಿದವರು ಬಹುಶಃ ಬೇರಿಲ್ಲ.

ಆ ಲಾರಿಗಳಿಗೆ ಹತ್ತದೆ ಉಳಿದದ್ದು ಒಂದಿತ್ತು: ಕೋಲ್ಟ್ಸ್ ತಂಡದ ವಾದ್ಯವೃಂದ. ಸಮವಸ್ತ್ರಗಳು ಡ್ರೈಕ್ಲೀನಿಂಗಿಗೆ ಹೋಗಿದ್ದರಿಂದ ಉಳಿದುಕೊಂಡವು. ಅವನ್ನು ತೊಟ್ಟು ಆ ಜನ ಇಲ್ಲದ ತಂಡಕ್ಕಾಗಿ ವರ್ಷಾನುಗಟ್ಟಲೆ ಮೆರವಣಿಗೆಗಳಲ್ಲಿ, ಬೇರೆ ಊರಿನ ಪಂದ್ಯಗಳಲ್ಲಿ ಬಾರಿಸುತ್ತ ಹೋದರು. ನಮ್ಮ ದೇವಸ್ಥಾನಗಳಲ್ಲಿ ರಥಕ್ಕೇರಿ ಬೀದಿ ಸುತ್ತುವುದು ಉತ್ಸವಮೂರ್ತಿ, ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಕ್ಲಬ್ಬುಗಳ ಮಾಲೀಕರು ಹೊತ್ತೊಯ್ಯುವುದೂ ಉತ್ಸವಮೂರ್ತಿಯನ್ನೇ.

ಆದರೆ ಬಾಲ್ಟಿಮೋರ್ ಪೂರ್ತಿ ಮುಗ್ಧ ಊರಲ್ಲ. 1995ರ ನವೆಂಬರ್ 6ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮಾಲೀಕ ಆರ್ಟ್ ಮೊಡೆಲ್ ತಂಡವನ್ನು ಒಯ್ಯುವುದಾಗಿ ಘೋಷಿಸಿದ್ದು ಬಾಲ್ಟಿಮೋರಿಗೇ, ಸಾರ್ವಜನಿಕ ಹಣದ ಹೊಸ ಕ್ರೀಡಾಂಗಣದ ಆಸೆಗೆ. ಮಾರನೆಯ ದಿನವೇ ಕ್ಲೀವ್‌ಲ್ಯಾಂಡಿನ ಮತದಾರರು ಹಳೆಯ ಕ್ರೀಡಾಂಗಣ ದುರಸ್ತಿಗಾಗಿ ತೆರಿಗೆ ಮುಂದುವರಿಸಲು ಭಾರಿ ಬಹುಮತದಿಂದ ಒಪ್ಪಿದರು. ಹೊರಟವನಿಗೆ ಅದು ಕೇಳಿಸಲಿಲ್ಲ. ಒಮ್ಮೆ ಕಳೆದುಕೊಂಡ ಊರು ಇನ್ನೊಂದು ಊರಿನಿಂದ ಕಸಿದುಕೊಳ್ಳಲು ಹಿಂಜರಿಯಲಿಲ್ಲ. ಜಗಳದ ಕೊನೆಗೆ ಆದ ಒಪ್ಪಂದ ಮಾತ್ರ ತತ್ತ್ವಶಾಸ್ತ್ರದ ತರಗತಿಗೆ ತಕ್ಕುದು: ಆಟಗಾರರು, ಸಿಬ್ಬಂದಿ ಬಾಲ್ಟಿಮೋರಿಗೆ, ಹೆಸರು, ಬಣ್ಣ, ಹಳೆಯ ದಾಖಲೆ ಎಲ್ಲ ಕ್ಲೀವ್‌ಲ್ಯಾಂಡಿಗೆ. ಮೂರು ವರ್ಷ ಒಬ್ಬ ಆಟಗಾರನೂ ಇಲ್ಲದ ಬ್ರೌನ್ಸ್ ಕಾಗದದ ಮೇಲೆ ಬದುಕಿತ್ತು, 1999ರಲ್ಲಿ ಹೊಸ ಆಟಗಾರರೊಂದಿಗೆ ಮತ್ತೆ ಕಣಕ್ಕಿಳಿಯಿತು. ಅದು ಅದೇ ತಂಡವೆಂಬುದನ್ನು ಯಾರೂ ಅನುಮಾನಿಸಲಿಲ್ಲ. ಇಂಗ್ಲೆಂಡಿನಲ್ಲೂ ಕೊನೆಗೆ ಇಂಥದ್ದೇ ಆಯಿತು. ಮಿಲ್ಟನ್ ಕೀನ್ಸ್‌ಗೆ ಹೋಗಿ ಎಂ.ಕೆ. ಡಾನ್ಸ್ ಎಂದು ಹೆಸರು ಬದಲಿಸಿಕೊಂಡ ಕ್ಲಬ್ಬು 2007ರಲ್ಲಿ 1988ರ ಕಪ್ಪಿನ ಪ್ರತಿಕೃತಿ ಸೇರಿದಂತೆ ವಿಂಬಲ್ಡನ್ನಿನ ಗೌರವಗಳನ್ನೆಲ್ಲ ಬಿಟ್ಟುಕೊಟ್ಟಿತು. ಕೊಟ್ಟದ್ದು ಅಭಿಮಾನಿಗಳ ಕ್ಲಬ್ಬಿಗಲ್ಲ, ಮರ್ಟನ್ ಬರೋಗೆ, ಅಂದರೆ ಊರಿನ ಆಡಳಿತಕ್ಕೆ. ಕಪ್ಪು ಗೆದ್ದ ಹಕ್ಕು ಕಂಪನಿಯದಲ್ಲ ಎಂದು ಕಂಪನಿಯೇ ಒಪ್ಪಿದಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಮಣ್ಣೇ ಸರ್ವಸ್ವ ಎಂಬ ತೀರ್ಮಾನಕ್ಕೆ ಜಿಗಿಯಲು ನನಗೆ ಮನಸ್ಸಿಲ್ಲ. ಆರ್ಸೆನಲ್ 1913ರಲ್ಲಿ ಥೇಮ್ಸ್ ನದಿಯ ದಕ್ಷಿಣದ ಪ್ಲಮ್‌ಸ್ಟೆಡ್ಡಿನಿಂದ ಉತ್ತರದ ಹೈಬರಿಗೆ ಹೋಯಿತು. ಅದಕ್ಕೂ ವಿರೋಧವಿತ್ತು, ಇಂದು ಯಾರೂ ಅದನ್ನು ಕಳ್ಳತನ ಎನ್ನುವುದಿಲ್ಲ. ಎ.ಎಫ್.ಸಿ. ವಿಂಬಲ್ಡನ್ ಕೂಡ ತನ್ನ ಮೊದಲ ಹದಿನೆಂಟು ವರ್ಷ ಆಡಿದ್ದು ಪಕ್ಕದ ಕಿಂಗ್ಸ್ಟನ್ನಿನ ಕಿಂಗ್ಸ್‌ಮೆಡೋ ಮೈದಾನದಲ್ಲಿ. ಊರಾಚೆ ಇದ್ದೂ ಅದು ಊರಿನ ತಂಡವಾಗಿತ್ತು, ಏಕೆಂದರೆ ಅಲ್ಲಿರಬೇಕೆಂದು ನಿರ್ಧರಿಸಿದವರೂ ಮರಳಬೇಕೆಂದು ಕಾದವರೂ ಅವರೇ. ದೂರ ಎಷ್ಟು ಎಂಬುದಕ್ಕಿಂತ, ಹೊರಡುವ ಮುನ್ನ ಕೇಳಿದ್ದು ಯಾರನ್ನು ಎಂಬುದು ಮುಖ್ಯ. ಜರ್ಮನಿಯಲ್ಲಿ ಕ್ಲಬ್ಬಿನ ಸದಸ್ಯರಿಗೆ ಅರ್ಧಕ್ಕಿಂತ ಒಂದು ಹೆಚ್ಚು ಮತ ಇರಲೇಬೇಕೆಂಬ ನಿಯಮವಿದೆ. ಅಮೆರಿಕದ ಸಣ್ಣ ಊರು ಗ್ರೀನ್ ಬೇಯ ಪ್ಯಾಕರ್ಸ್ ತಂಡ 1923ರಿಂದಲೂ ಲಾಭಾಂಶವಿಲ್ಲದ ಷೇರುಗಳ ಮೂಲಕ ಜನರದ್ದೇ. ಅವು ಊರು ಬಿಟ್ಟಿಲ್ಲ.

ನಮ್ಮ ದೇಶದ ಸಂಗತಿ ಇನ್ನೂ ವಿಚಿತ್ರ. ಇಂಡಿಯನ್ ಸೂಪರ್ ಲೀಗಿನಲ್ಲಿ ಪುಣೆಯ ತಂಡ ನಿಂತು ಅದರ ಸ್ಥಾನ 2019ರಲ್ಲಿ ಹೈದರಾಬಾದಿಗೆ ಹೋಯಿತು. 2022ರಲ್ಲಿ ಟ್ರೋಫಿ ಗೆದ್ದ ಆ ಹೈದರಾಬಾದ್ ತಂಡವೂ 2025ರಲ್ಲಿ ದೆಹಲಿಗೆ ಹೊರಟಿತು. ಆ ದೆಹಲಿಯಿಂದ 2019ರಲ್ಲಷ್ಟೇ ಇನ್ನೊಂದು ತಂಡ ಒಡಿಶಾಕ್ಕೆ ಹೋಗಿತ್ತು. ಎಲ್ಲೂ ಬೀದಿಗಿಳಿದು ಕೂಗಾಡುವಷ್ಟು ಬೇರು ಬಿಡಲು ಸಮಯವೇ ಇರಲಿಲ್ಲ. ವಿಂಬಲ್ಡನ್ ಹುಟ್ಟಿದ ವರ್ಷವೇ ಹುಟ್ಟಿದ ಕೋಲ್ಕತ್ತದ ಮೋಹನ್ ಬಾಗಾನಿನ ಹೆಸರಿಗೆ 2020ರಲ್ಲಿ ಎ.ಟಿ.ಕೆ. ಎಂಬ ಮೂರಕ್ಷರ ಅಂಟಿಸಿದಾಗ ಮಾತ್ರ ಅಭಿಮಾನಿಗಳು ತೆಗೆಯುವವರೆಗೆ ಬಿಡಲಿಲ್ಲ. 2023ರಲ್ಲಿ ಅದು ಹೋಯಿತು. ಬೆಂಗಳೂರು ಎಫ್‌ಸಿಗೆ ಕಂಠೀರವ ಕ್ರೀಡಾಂಗಣದಲ್ಲಿ ಗಟ್ಟಿ ಗಂಟಲಿನ ಜನರಿದ್ದಾರೆ, ಆದರೆ ಮೈದಾನ ಸರ್ಕಾರದ್ದು, ತಂಡ ಕಂಪನಿಯದ್ದು. ಆ ಗಂಟಲುಗಳಿಗೆ ಸೇರಿದ ಕಾಗದವೊಂದು ಯಾವ ಕಡತದಲ್ಲೂ ಇಲ್ಲ.

ಮಿಲ್ಟನ್ ಕೀನ್ಸ್‌ನ ಮಕ್ಕಳ ವಿಷಯ ಬೇರೆ. ತಂಡ ಬಂದ ವರ್ಷ ಹುಟ್ಟಿದವರು ಈಗ ಇಪ್ಪತ್ತು ದಾಟಿದ್ದಾರೆ. ಅವರಿಗೆ ಅದೇ ಊರಿನ ತಂಡ, ಅಪ್ಪ ಕೈಹಿಡಿದು ಕರೆದೊಯ್ದ ತಂಡ. ಹುಟ್ಟು ಅನ್ಯಾಯದ್ದೆಂದು ಅವರ ನಿಷ್ಠೆಯನ್ನು ಸುಳ್ಳೆನ್ನಲಾಗದು. ಎದುರಾಳಿಯ ಪೂರ್ತಿ ಹೆಸರನ್ನು ಬರೆಯಲೊಲ್ಲದೆ 2017ರಲ್ಲಿ ಲೀಗಿನಿಂದ ದೋಷಾರೋಪ ಹೊತ್ತ ಎ.ಎಫ್.ಸಿ. ವಿಂಬಲ್ಡನ್ನಿನ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅದು ತಾಗಬೇಕಾದವರು ಆ ಮಕ್ಕಳಲ್ಲ.

2020ರ ನವೆಂಬರಿನಲ್ಲಿ ಅಭಿಮಾನಿಗಳ ಕ್ಲಬ್ಬು ಪ್ಲೌ ಲೇನಿಗೆ, ಹಳೆಯ ಮೈದಾನದ ಹತ್ತಿರವೇ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಮರಳಿತು. ಅದಕ್ಕೆ ಬೇಕಾದ ಹಣದ ಒಂದು ಪಾಲು ಬಂದದ್ದು ಕಿಂಗ್ಸ್‌ಮೆಡೋವನ್ನು ಚೆಲ್ಸೀ ಕ್ಲಬ್ಬಿಗೆ ಮಾರಿ. ಸದಸ್ಯರು ಮತ ಹಾಕಿ ಒಪ್ಪಿದ್ದರು. ನಾನು ಮೇಲೆ ಹಾಕಿದ ಷರತ್ತು ಪೂರ್ತಿ ಈಡೇರಿತ್ತು. ಆದರೆ ಆ ಮೈದಾನ ಮೊದಲು ಕಿಂಗ್ಸ್ಟೋನಿಯನ್ ಎಂಬ, 1885ರಲ್ಲಿ ಹುಟ್ಟಿದ ಸಣ್ಣ ಕ್ಲಬ್ಬಿನ ಮನೆಯಾಗಿತ್ತು. ಸಾಲದಲ್ಲಿ ಕೈತಪ್ಪಿದ ಮೇಲೆ ಅದು ಅಲ್ಲೇ ಎ.ಎಫ್.ಸಿ. ವಿಂಬಲ್ಡನ್ನಿನ ಬಾಡಿಗೆದಾರನಾಗಿ ಆಡುತ್ತಿತ್ತು. ವಿಂಬಲ್ಡನ್ ಅದಕ್ಕೆ ಹಣದ ನೆರವು ಕೊಡಲು ಒಪ್ಪಿತು, ಹೊಸ ಮನೆ ಹುಡುಕಿಕೊಡುವುದು ಅದರ ಕೈಲಿರಲಿಲ್ಲ. 2017ರಲ್ಲಿ ಕಿಂಗ್ಸ್ಟೋನಿಯನ್ ತನ್ನ ಊರು ಬಿಟ್ಟು ಬೇರೆಯವರ ಮೈದಾನಕ್ಕೆ ಹೋಯಿತು. ಅದರ ಅಭಿಮಾನಿಗಳಿಗೆ ಆ ಮತದಾನದಲ್ಲಿ ಮತವಿರಲಿಲ್ಲ.