ಶಾಸನವೂ ಶ್ರದ್ಧೆಯೂ

ಖಾಪರಖೇಡಾದ ವಿದ್ಯುತ್ ಕೇಂದ್ರವನ್ನು ಆಶ್ರಯಿಸಿ ನೆಲೆಸಿರುವ ನಮ್ಮವರಿಗೆ ನಾಗಪುರದ ಹಿಸ್ಲಾಪ್ ಕಾಲೇಜಿನ ಹೆಸರು ಪರಿಚಿತವೇ. ಸ್ಟೀಫನ್ ಹಿಸ್ಲಾಪ್ 1845ರಲ್ಲಿ ಕ್ರೈಸ್ತಮತ ಪ್ರಚಾರಕ್ಕೆಂದು ಸ್ಕಾಟ್ಲೆಂಡಿನಿಂದ ನಾಗಪುರಕ್ಕೆ ಬಂದ ಪಾದ್ರಿ, ಭೂಗರ್ಭಶಾಸ್ತ್ರಜ್ಞನೂ ಹೌದು. 1863ರಲ್ಲಿ ಟಾಕಳಘಾಟಿನ ಪ್ರಾಚೀನ ಶಿಲಾವೃತ್ತಗಳನ್ನು ನೋಡಿ ಮರಳುವಾಗ ತುಂಬಿ ಹರಿಯುವ ಹಳ್ಳದಲ್ಲಿ ಮುಳುಗಿ ತೀರಿಕೊಂಡನು. ಕಲ್ಲಿನ ಸಾಕ್ಷ್ಯವನ್ನು ಅಷ್ಟು ಆದರಿಸಿದ ಇಂಥವನ ಮತಕ್ಕೆ ಯಾವ ಸಾಕ್ಷ್ಯ ಬೇಕು? ಈ ಪ್ರಶ್ನೆ ಕ್ರೈಸ್ತರದಷ್ಟೇ ಅಲ್ಲ.

ಯೇಸು ಶಿಲುಬೆಯ ಮೇಲೆ ಮೃತನಾಗಿ ಮೂರನೆಯ ದಿನ ಎದ್ದನೆಂಬ ಒಂದು ಘಟನೆಯ ಮೇಲೆ ಕ್ರೈಸ್ತ ಶ್ರದ್ಧೆ ನಿಂತಿದೆ. ಅದು ನಡೆಯದಿದ್ದರೆ ತಮ್ಮ ವಿಶ್ವಾಸವೇ ವ್ಯರ್ಥವೆಂದು ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಇತಿಹಾಸದ ಘಟನೆಯು ನಿತ್ಯಸತ್ಯಕ್ಕೆ ಸಾಧಕವಾಗಲಾರದೆಂದು 1777ರಲ್ಲಿ ಜರ್ಮನಿಯ ಲೆಸ್ಸಿಂಗ್ ಆಕ್ಷೇಪಿಸಿದನು. 20ನೆಯ ಶತಮಾನದ ಬುಲ್ಟ್‌ಮಾನ್ ಎಂಬ ದೇವತಾಶಾಸ್ತ್ರಜ್ಞನಂತೂ ಶ್ರದ್ಧೆಯು ಇತಿಹಾಸಕಾರರ ಸಮರ್ಥನೆಯನ್ನು ಅರಸಲೇಬಾರದೆಂದನು. ನನಗಿದು ಒಪ್ಪಿಗೆಯಿಲ್ಲ. ಘಟನೆಯನ್ನೇ ಸಾರುವ ಮತವು ಘಟನೆಯ ವಿಚಾರಣೆಗೆ ಹೆದರಬಾರದು. ಪೌಲನ ಮಾತೇ ಹೆಚ್ಚು ಪ್ರಾಮಾಣಿಕವಾದುದು.

ನಮಗೆ ವೇದವು ಅಪೌರುಷೇಯ. ಕರ್ತೃವಿಲ್ಲ, ಕಾಲವಿಲ್ಲ, ಆದ್ದರಿಂದ ಈ ಗೊಡವೆಯೇ ಇಲ್ಲವೆಂದು ಕೆಲವರು ನಿಶ್ಚಿಂತರಾಗಿದ್ದಾರೆ. ಹರಿಸರ್ವೋತ್ತಮತ್ವದ ಮಟ್ಟಿಗೆ ಅದು ಸರಿ. ಆದರೆ ಶ್ರೀಮದಾಚಾರ್ಯರು ಅವತರಿಸಿದ್ದು ಕಾಲದಲ್ಲಿ, ಪಾಜಕದಲ್ಲಿ. ಕೆಲವು ಮಠಪರಂಪರೆಯ ಪಟ್ಟಿಗಳಂತೆ ಅವರ ಅವತಾರ ಶಕ 1040, ವಿಳಂಬಿ ಸಂವತ್ಸರ. ಬದರೀಪ್ರವೇಶ ಶಕ 1119, ಪಿಂಗಳ. ಶ್ರೀಕೂರ್ಮದ ಶಿಲಾಶಾಸನವಾದರೋ ಶಕ 1203ರದು, ಎಂದರೆ ಕ್ರಿ.ಶ. 1281. ಆನಂದತೀರ್ಥರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರು ಅಲ್ಲಿ ಯೋಗಾನಂದ ನರಸಿಂಹನ ಗುಡಿ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಪಟ್ಟಿಯನ್ನು ನಂಬಿದರೆ ಗುರುಗಳು ಬದರಿಗೆ ತೆರಳಿ 84 ವರ್ಷಗಳಾದ ಮೇಲೆ ಶಿಷ್ಯರು ಗುಡಿ ಕಟ್ಟಿಸಿದಂತಾಗುವುದು! ವಿದ್ವಾನ್ ಬಿ.ಎನ್.ಕೆ. ಶರ್ಮರು ಒಪ್ಪಿದ ಕಾಲ 1238ರಿಂದ 1317. ಅವೂ ವಿಳಂಬಿ, ಪಿಂಗಳಗಳೇ. ಪಟ್ಟಿ ಬರೆದವರು ಸಂವತ್ಸರವನ್ನು ಸರಿಯಾಗಿಯೇ ನೆನಪಿಟ್ಟು ಎರಡು ಅರವತ್ತರ ಚಕ್ರಗಳಷ್ಟು, ಎಂದರೆ 120 ವರ್ಷ, ಹಿಂದೆ ಸರಿದಂತೆ ತೋರುತ್ತದೆ. (ಮಹಾಭಾರತತಾತ್ಪರ್ಯನಿರ್ಣಯದ ಕಲಿ 4300ರ ಮಾತನ್ನು ಹಿಡಿದು 1199 ಎನ್ನುವವರಿಗೆ ಆ ವರ್ಷ ವಿಳಂಬಿಯಲ್ಲವೆಂಬುದು ತೊಡಕು.)

ಶಾಸನವನ್ನು ಒಪ್ಪಿದರೆ ಗುರುದ್ರೋಹವಾದೀತೆಂಬ ಅಂಜಿಕೆ ಸಲ್ಲದು. ಪ್ರತ್ಯಕ್ಷವು ಉಪಜೀವ್ಯ ಪ್ರಮಾಣ, ಅದಕ್ಕೆ ವಿರುದ್ಧವಾಗಿ ಆಗಮಕ್ಕೂ ಅರ್ಥ ಹೇಳಕೂಡದೆಂದು ಅದ್ವೈತಿಗಳೊಡನೆ ವಾದಿಸಿದವರು ಆಚಾರ್ಯರೇ. ಆಗಮಕ್ಕೇ ಈ ನಿಯಮವಾದರೆ ಮನುಷ್ಯರು ಬರೆದ ಪಟ್ಟಿಗೆ ರಿಯಾಯತಿ ಎಲ್ಲಿಯದು?

ಇನ್ನೊಂದು ಕಡೆ ನಾವು ಎಚ್ಚರವಹಿಸಬೇಕು. ಸುಮಧ್ವವಿಜಯದ ಮಹಿಮೆಗಳನ್ನು ನಾವು ಆಪ್ತವಾಕ್ಯವೆಂದು ಸ್ವೀಕರಿಸುತ್ತೇವೆ. ನಾರಾಯಣ ಪಂಡಿತಾಚಾರ್ಯರು ಆಚಾರ್ಯರ ಶಿಷ್ಯರ ಮಗ. ಹಾಗಿರುವಾಗ ಸುವಾರ್ತೆಗಳ ಸಾಕ್ಷ್ಯವನ್ನು ಪವಾಡವೆಂಬ ಒಂದೇ ಕಾರಣಕ್ಕೆ ನಕ್ಕು ತಳ್ಳುವುದು ನ್ಯಾಯವಲ್ಲ. ಬಾಧಕ ಪ್ರಮಾಣವಿದೆಯೇ, ಸಾಕ್ಷಿಗಳ ಮಾತು ಪರಸ್ಪರ ಹೊಂದುವುದೇ ಎಂದು ಕೇಳಬೇಕು. ಸಮಾಧಿಗೆ ಹೋದ ಸ್ತ್ರೀಯರು ಯಾರು, ಅಲ್ಲಿ ಕಂಡದ್ದೇನೆಂಬುದರಲ್ಲಿ ನಾಲ್ಕು ಸುವಾರ್ತೆಗಳೂ ಒಂದೇ ಬಗೆಯಾಗಿ ಹೇಳುವುದಿಲ್ಲ. ಈ ತೊಡಕನ್ನು ಕ್ರೈಸ್ತ ಪಂಡಿತರೂ ಬಲ್ಲರು, ಬಿಡಿಸಲು ಯತ್ನಿಸಿಯೂ ಇದ್ದಾರೆ.

1961ರಲ್ಲಿ ಕೈಸರೈಯದಲ್ಲಿ ದೊರೆತ ಕಲ್ಲು ಪಿಲಾತನೆಂಬ ರೋಮನ್ ಅಧಿಕಾರಿ ಇದ್ದುದನ್ನು ಸಾರುತ್ತದೆ; ಯೇಸು ಎದ್ದನೋ ಇಲ್ಲವೋ ಅದಕ್ಕೆ ತಿಳಿಯದು. ಶ್ರೀಕೂರ್ಮದ ಕಲ್ಲಿನಿಂದ ಆನಂದತೀರ್ಥರ ಕಾಲ ತಿಳಿಯುತ್ತದೆ. ಅವರು ವಾಯುದೇವರ ತೃತೀಯಾವತಾರವೆಂಬುದನ್ನು ನಾವು ತಿಳಿದದ್ದು ಬಳಿತ್ಥಾಸೂಕ್ತದಿಂದ.