ಹಾರದ ಗುಂಡು

ಚುನಾವಣೆ ಘೋಷಣೆಯಾದರೆ ಯಲಹಂಕದ ನಮ್ಮ ಸೋದರಮಾವನಿಗೆ ಒಂದು ಕೆಲಸ ತಪ್ಪುವುದಿಲ್ಲ. ಬೀರುವಿನಲ್ಲಿರುವ ತಾತನ ರೈಫಲನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಲೈಸೆನ್ಸ್ ಪುಸ್ತಕ ಜೇಬಿಗಿಟ್ಟುಕೊಂಡು, ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಕಳೆದ ಸಲ ಫೋನ್ ಮಾಡಿ, "ಇನ್ಮೇಲೆ ಇದನ್ನ ವಾಪಸ್ ತರೋದೇ ಬೇಡ ಅನ್ಸುತ್ತೆ ಕಣೋ. ಅದಕ್ಕೆ ಮುಂಚೆ ಒಂದ್ಸಲ ರಿಪೇರಿಯವರಿಗೆ ತೋರಿಸೋಣ ಬಾ. ಅವತ್ತು ಯಾಕೆ ಹಾರಲಿಲ್ಲ ಅಂತ ನನಗೆ ಗೊತ್ತಾಗ್ಬೇಕು" ಅಂದರು.

ಆ "ಅವತ್ತು" ಕಳೆದು ಐವತ್ತು ವರ್ಷಗಳ ಮೇಲಾಗಿದೆ.

ಮೊದಲು ರೈಫಲ್ ವಿಷಯ. ವಿಂಚೆಸ್ಟರ್ ಕಂಪನಿಯ 1895ರ ಮಾದರಿ, ಜಾನ್ ಬ್ರೌನಿಂಗ್ ರೂಪಿಸಿದ್ದು. ಟ್ರಿಗರಿನ ಸುತ್ತ ಇರುವ ಹಿಡಿಯನ್ನು ಕೆಳಗೆಳೆದು ಮೇಲೆತ್ತಿದರೆ ಹೊಸ ತೋಟಾ ನಳಿಗೆಗೆ ಬರುತ್ತದೆ. ಅದರ .405 ತೋಟಾದ ಗುಂಡು 19 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹೊರಡುತ್ತದೆ. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಶಿಕಾರಿಗೆ ಹೋದಾಗ ಒಯ್ದದ್ದು ಇದನ್ನೇ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದೂ ಇದೇ. ತೇಜಸ್ವಿಯವರು ಕನ್ನಡಕ್ಕೆ ತಂದ 'ಜಾಲಹಳ್ಳಿಯ ಕುರ್ಕ' ಓದಿದವರಿಗೆ ಗೊತ್ತು, ಇವತ್ತು ಬಿಇಎಲ್, ಎಚ್‌ಎಂಟಿ ಅಂತ ಬಸ್ಸಿನ ಬೋರ್ಡ್ ಓದುವ ಕಡೆಯಲ್ಲೇ ಒಂದು ಕಾಲಕ್ಕೆ ಚಿರತೆ ಜನರನ್ನು ಹೆದರಿಸಿತ್ತು. ಅಂಥ ಕಾಲದ ಬಂದೂಕು ನಮ್ಮ ತಾತನದು.

ತಾತ ಶಿಕಾರಿಯವರಲ್ಲ, ರೈತ. ರಾಜಾನುಕುಂಟೆ ಕಡೆ ಹೊಲ, ಕಡಲೆಕಾಯಿ ಬೆಳೆ, ಹಂದಿ ಕಾಟ. 1972ರ ವನ್ಯಜೀವಿ ಕಾಯ್ದೆ ಇನ್ನೂ ಬಂದಿರಲಿಲ್ಲ. ಕಾರ್ತಿಕದ ಒಂದು ರಾತ್ರಿ ಬದುವಿನ ಪಕ್ಕ ಗುಡುಗುಡು ಸದ್ದು. ಟಾರ್ಚ್ ಬಿಟ್ಟರು. ಕಪ್ಪಗೆ, ದುಂಡಗೆ, ನೆಲಕ್ಕೆ ಬಾಗಿದ ಒಂದು ಗುಡ್ಡೆ. ಕಣ್ಣು ಹೊಳೆಯಲಿಲ್ಲ. ಚಿರತೆ, ಜಿಂಕೆಗಳ ಕಣ್ಣು ಬೆಳಕಿಗೆ ಹೊಳೆಯುತ್ತದೆ, ಹಂದಿಯದು ಹಾಗೆ ಹೊಳೆಯುವುದಿಲ್ಲ. ಹಾಗಾದರೆ ಹಂದಿಯೇ ಅಂದುಕೊಂಡರು. ಮನುಷ್ಯನ ಕಣ್ಣೂ ಹೊಳೆಯುವುದಿಲ್ಲ ಅನ್ನುವುದು ಆ ಹೊತ್ತಿಗೆ ನೆನಪಾಗಲಿಲ್ಲ.

ಟ್ರಿಗರ್ ಎಳೆದರು. ಟಕ್.

ಹೀಗಾದಾಗ ಏನು ಮಾಡಬೇಕು ಅಂತ ಬಂದೂಕು ಹಿಡಿದವರಿಗೆಲ್ಲ ಹೇಳಿಕೊಡುತ್ತಾರೆ. ತಕ್ಷಣ ಬಂದೂಕು ತೆರೆಯಬಾರದು. ಒಳಗಿನ ಮದ್ದು ತಡವಾಗಿ ಹತ್ತಿಕೊಳ್ಳಬಹುದು. ನಳಿಗೆಯ ಬಾಯಿಯನ್ನು ಯಾರಿಗೂ ಅಪಾಯವಿಲ್ಲದ ದಿಕ್ಕಿಗೆ ಹಿಡಿದು ಮೂವತ್ತು ಎಣಿಸಬೇಕು. ತಾತ ಗುರಿ ಬಿಡದೆ ಎಣಿಸುತ್ತ ನಿಂತರು. ಏಳೋ ಎಂಟೋ ಅನ್ನುವಷ್ಟರಲ್ಲಿ ಆ ಗುಡ್ಡೆ ಕೆಮ್ಮಿತು.

ಪಕ್ಕದ ಹೊಲದ ಕಾವಲಿನವನು. ಕರಿಕಂಬಳಿ ಹೊದ್ದು ಮುದುರಿಕೊಂಡು ಕೂತಿದ್ದ. ತಾತ ನಳಿಗೆಯನ್ನು ಆಕಾಶಕ್ಕೆ ಎತ್ತಿ ಉಳಿದ ಎಣಿಕೆ ಮುಗಿಸಿ, ತೋಟಾ ತೆಗೆದು ಮನೆಗೆ ಬಂದರು. ಆ ಮನುಷ್ಯನಿಗೆ ಏನೂ ಹೇಳಲಿಲ್ಲ. ಮತ್ತೆ ಬಂದೂಕು ಮುಟ್ಟಲಿಲ್ಲ. ಮುಂದೆ ಆತನ ಮಗಳ ಮದುವೆಗೆ ದುಡ್ಡು ಕೊಟ್ಟರು. ಊರವರು ತಾತನನ್ನು ಧರ್ಮರಾಯ ಅಂದರು. ಸಾಯುವ ವರ್ಷ ಮಾವನ ಹತ್ತಿರ ಮಾತ್ರ ಬಾಯಿಬಿಟ್ಟರಂತೆ: "ನಾನು ಕೊಂದಾಗಿತ್ತು ಕಣಪ್ಪಾ. ಬಂದೂಕು ಒಪ್ಪಲಿಲ್ಲ, ಅಷ್ಟೆ."

ರಿಪೇರಿಯವರು ಆ ತೋಟಾವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. ತಾತ ಅದನ್ನು ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. "ಮೊದಲು ಇದನ್ನ ಸ್ಟೇಷನ್ನಿಗೆ ಒಪ್ಪಿಸಿ, ಮನೇಲಿ ಇಟ್ಕೊಳ್ಳೋ ಸಾಮಾನಲ್ಲ" ಅಂತ ಬೈದು, ಹಿಂಬದಿಯ ಕ್ಯಾಪ್ ತೋರಿಸಿದರು. ಪಿನ್ನು ಹೊಡೆದ ಗುಳಿ ಆಳವಾಗಿದ್ದರೆ ದೋಷ ತೋಟಾದ್ದು. ಮೇಲುಮೇಲೆ ಇದ್ದರೆ ದೋಷ ಬಂದೂಕಿನದು. ಇದು ಮೇಲುಮೇಲೆ ಇತ್ತು. ಬೋಲ್ಟ್ ಬಿಚ್ಚಿ ಪಿನ್ನು ಹೊರಗೆಳೆದರೆ ಬೆಲ್ಲದ ಪಾಕದಂತೆ ಗಟ್ಟಿಯಾದ ಹಳೇ ಎಣ್ಣೆ, ಧೂಳು. "ಇದನ್ನ ಒಳಗಿಂದ ಕ್ಲೀನ್ ಮಾಡೇ ಇರಲಿಲ್ಲ ನೋಡಿ. ಹ್ಯಾಮರ್ ಬಿದ್ದರೂ ಪಿನ್ನು ಓಡಿಲ್ಲ."

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಯಲ್ಲಿ ಇದುವರೆಗೆ ಹೇಳುತ್ತಿದ್ದದ್ದು "ದೇವರು ಕಾಪಾಡಿದ" ಅಂತ. ಒಬ್ಬನ ಜೀವ ಉಳಿಸಿದ್ದು ತಾತನ ಸೋಮಾರಿತನವಾ? ಅವರು ಶಿಸ್ತಿನ ಮನುಷ್ಯರಾಗಿದ್ದರೆ ಕೊಲೆಗಾರರಾಗುತ್ತಿದ್ದರು!

ಇದು ತತ್ತ್ವಶಾಸ್ತ್ರದವರಿಗೆ ಹೊಸ ಗಂಟಲ್ಲ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದಕ್ಕೆ 'ನೈತಿಕ ಅದೃಷ್ಟ' ಅನ್ನುವ ಹೆಸರಿಟ್ಟು ಚರ್ಚಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ: ಇಬ್ಬರು ಮೊಬೈಲ್ ನೋಡುತ್ತ ಬಳ್ಳಾರಿ ರಸ್ತೆಯಲ್ಲಿ ಗಾಡಿ ಓಡಿಸುತ್ತಾರೆ. ಒಬ್ಬನ ಎದುರಿಗೆ ಮಗು ಓಡಿ ಬರುತ್ತದೆ, ಇನ್ನೊಬ್ಬನ ಎದುರಿಗೆ ಬರುವುದಿಲ್ಲ. ಒಬ್ಬ ಜೈಲಿಗೆ, ಇನ್ನೊಬ್ಬ ಮನೆಗೆ ಊಟಕ್ಕೆ. ಇಬ್ಬರೂ ಮಾಡಿದ್ದು ಒಂದೇ. ಹಾಗಾದರೆ ತಪ್ಪೂ ಒಂದೇ ತಾನೆ?

ನನಗನ್ನಿಸುವುದು ಇಷ್ಟು. ಪಿನ್ನಿನ ಎಣ್ಣೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದಕ್ಕೆ ತಾತನನ್ನು ಹೊಗಳುವುದೂ ಬೇಡ, ತೆಗಳುವುದೂ ಬೇಡ. ತಪ್ಪು ಆದದ್ದು ಬಂದೂಕಿನೊಳಗಲ್ಲ, ಅದಕ್ಕೂ ಮುಂಚೆ, ಏನೆಂದು ಗೊತ್ತಾಗುವ ಮೊದಲೇ "ಹಂದಿ" ಎಂದು ಹೆಸರಿಟ್ಟದ್ದರಲ್ಲಿ. ಅದನ್ನು ಯಾವ ರಿಪೇರಿಯವರೂ ಬಿಚ್ಚಿ ತೊಳೆಯಲಾರರು. ಇನ್ನು ನಳಿಗೆಯನ್ನು ಆಕಾಶಕ್ಕೆ ಎತ್ತಿದ್ದು ಮಾತ್ರ ತಾತನದೇ. ಆ ರಾತ್ರಿಯಲ್ಲಿ ಅದೃಷ್ಟದ ಪಾಲಿಲ್ಲದ ಒಳ್ಳೆಯ ಕೆಲಸ ಅದೊಂದೇ.

ಅಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ. ಆದರೆ ಆ ಕಂಬಳಿಯ ಅಜ್ಜನ ಮೊಮ್ಮಗ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ, ನಮಗೆಲ್ಲ ಪರಿಚಯ. ಕಂಡಾಗಲೆಲ್ಲ "ನಿಮ್ ತಾತ ದೇವ್ರಂಥೋರು ಸಾರ್" ಅನ್ನುತ್ತಾನೆ. ಆಗದೇ ಇದ್ದ ಕೆಡುಕನ್ನು ಯಾಕೆ ಕೆದಕಬೇಕು? ಹೇಳಿದರೆ ನನ್ನ ಮನಸ್ಸು ಹಗುರವಾಗಬಹುದು, ಅವನ ಮನಸ್ಸು ಕೆಡಬಹುದು. ಹೀಗೆಲ್ಲ ಯೋಚಿಸಿ ಸುಮ್ಮನಿದ್ದೆ. ಕೊನೆಗೊಂದು ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತೇ ಬಿಟ್ಟಾಗ, ತಡೆಯಲಾರದೆ ಹೇಳಿಬಿಟ್ಟೆ.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಗಾಡಿಗಳು ಒಂದಿಷ್ಟು ಮುಂದೆ ಸರಿದ ಮೇಲೆ ಅಂದ: "ಬೇಜಾರೇನಿಲ್ಲ ಸಾರ್. ಹೋದ್ರಲ್ಲ ಇಬ್ರೂ. ಆದ್ರೆ ಅವತ್ತೇ ಹೇಳ್ಬೇಕಿತ್ತು. ನಮ್ ತಾತ ಆಮೇಲೂ ಎಷ್ಟೋ ವರ್ಷ ಅದೇ ಬದುವಿನ ಹತ್ರ ಅದೇ ಕರಿಕಂಬಳಿ ಹೊದ್ಕೊಂಡು ಕೂರ್ತಿದ್ದ. ಬೇರೆಯವ್ರ ಹತ್ರಾನೂ ಬಂದೂಕಿತ್ತಲ್ವಾ? ಹೇಳಿದ್ರೆ ಒಂದು ಬಿಳೀ ಟವೆಲ್ಲಾದ್ರೂ ಸುತ್ಕೊಳ್ತಿದ್ದ."

ಇದು ನನಗಾಗಲಿ, ವಿಲಿಯಮ್ಸ್, ನೇಗಲ್ ಓದುವ ನನ್ನಂಥವರಿಗಾಗಲಿ ಹೊಳೆದಿರಲಿಲ್ಲ. ನಾವು ತೂಗುತ್ತಿದ್ದದ್ದು ತಾತನ ಪಾಪವನ್ನು. ತಾತ ಮದುವೆಗೆ ದುಡ್ಡು ಕೊಟ್ಟು ತೀರಿಸಿದ್ದೂ ತಮ್ಮ ಭಾರವನ್ನೇ. ತಪ್ಪೊಪ್ಪಿಗೆ ಅನ್ನುವುದು ಹೇಳುವವನ ಸಮಾಧಾನಕ್ಕಲ್ಲ, ಕೇಳುವವನ ಪ್ರಾಣಕ್ಕೆ ಬೇಕಾದ ಸುದ್ದಿ. ಅದನ್ನು ಕೊಡದೆ ಉಳಿಸಿಕೊಂಡ ಪ್ರತಿ ರಾತ್ರಿಯೂ ಆ ಮನುಷ್ಯ ಮತ್ತೊಬ್ಬರ ಪಿನ್ನಿನ ಎಣ್ಣೆಯನ್ನು ನಂಬಿಕೊಂಡು ಬದುಕಿದ, ತನಗೆ ಗೊತ್ತಿಲ್ಲದೆ.

ರೈಫಲ್ ಈಗ ಮನೆಯಲ್ಲಿಲ್ಲ. ಒಪ್ಪಿಸುವ ಮುಂಚೆ ಮಾವ ಅದನ್ನು ಪೂರ್ತಿ ಕ್ಲೀನ್ ಮಾಡಿಸಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ.