ಅಪಾಯದಲ್ಲಿರುವುದು ಏನು?

ದಕ್ಷಿಣ ಅಮೆರಿಕದ ಪೆರು ದೇಶದ ಉತ್ತರ ಭಾಗದಲ್ಲಿ ಒಂದು ಕಡ್ಡಿ ಹುಳುವಿದೆ. ಮೈ ಕಡು ಕಪ್ಪು, ಕಣ್ಣು ಹಳದಿ. 2005ರಲ್ಲಿ ವಿಜ್ಞಾನಿಗಳು ಅದಕ್ಕೆ ಪೆರುಫಾಸ್ಮ ಶುಲ್ಟೆಯಿ ಎಂದು ಹೆಸರಿಟ್ಟರು. ಆಗ ಅದರ ನೆಲೆಯೆಂದು ತಿಳಿದುಬಂದದ್ದು 5 ಹೆಕ್ಟೇರಿಗೂ ಕಡಿಮೆ ಜಾಗ. ಪುಟ್ಟ ಕೆಂಪು ರೆಕ್ಕೆಗಳಿದ್ದರೂ ಅದು ಹಾರಲಾರದು. ಕೆಣಕಿದರೆ ಆ ರೆಕ್ಕೆಗಳನ್ನು ಬಿಚ್ಚಿ ತೋರಿಸುತ್ತದೆ. ತಲೆಯ ಹಿಂಬದಿಯ ಗ್ರಂಥಿಗಳಿಂದ ಘಾಟು ವಾಸನೆಯ ದ್ರವವನ್ನು ಚಿಮ್ಮಿಸುತ್ತದೆ. ಕಣ್ಣು, ಮೂಗು ಉರಿಯುತ್ತವೆ.

ಪ್ರಿಯ ಓದುಗರೇ, ಇದನ್ನು ದುಷ್ಟ ಜೀವಿ ಎನ್ನುವಿರಾ? ಖಂಡಿತ ಇಲ್ಲ. ಹಾರಿ ಪಾರಾಗಲಾರದ ಜೀವಕ್ಕೆ ಸೃಷ್ಟಿಕರ್ತನು ದಯಪಾಲಿಸಿದ ಗುರಾಣಿಯದು.

ನಾವೂ ಕಟುವಾಗಿ ಮಾತಾಡಿದ ಮೇಲೆ ಆತ್ಮರಕ್ಷಣೆಯ ನೆಪ ಹೇಳುತ್ತೇವೆ. ಒಮ್ಮೆ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಬರೆದಿದ್ದ ತಪ್ಪೊಂದನ್ನು ಹುಡುಗನೊಬ್ಬ ಎದ್ದು ನಿಂತು ತೋರಿಸಿದ. ಅವನು ಹೇಳಿದ್ದು ಸರಿಯಾಗಿತ್ತು. ಆದರೂ ಎಲ್ಲರೆದುರು ಅವನನ್ನು ಹೀಯಾಳಿಸಿದೆ. ಅಂದಿನಿಂದ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟ. ನಾನು ರಕ್ಷಿಸಿಕೊಂಡದ್ದು ಜೀವವನ್ನಲ್ಲ, ಅಹಂಕಾರವನ್ನು.

ಇವೆರಡರ ವ್ಯತ್ಯಾಸ ಅರಿಯುವ ಹೊಣೆ ಆ ಹುಳುವಿಗಿಲ್ಲ, ನಮಗಿದೆ. ಪತ್ನಿ ಪ್ರಶ್ನಿಸಿದಾಗ, ಮಗ ಎದುರು ಮಾತಾಡಿದಾಗ, ನೆರೆಯವರು ತಪ್ಪು ತೋರಿಸಿದಾಗ, ನಾಲಗೆ ಚಿಮ್ಮುವ ಮುನ್ನ ಒಂದು ಕ್ಷಣ ತಡೆದು ನಿಮ್ಮನ್ನೇ ಕೇಳಿಕೊಳ್ಳಿ: ಈಗ ಅಪಾಯದಲ್ಲಿರುವುದು ಏನು?